ಕರ್ತೃವಿಲ್ಲದ ವಾಕ್ಯ

ಬನ್ನೂರಿನ ನಮ್ಮ ಅಂಗಡಿಗೆ ಬರುವ ವ್ಯಾಪಾರದ ಪತ್ರಗಳಲ್ಲಿ ‘ದರವನ್ನು ಏರಿಸಲಾಗಿದೆ’ ಎಂದಿರುತ್ತದೆ. ಏರಿಸಿದವರು ಯಾರೆಂದು ಇರುವುದಿಲ್ಲ. ಸಂಸ್ಕೃತಕ್ಕೆ ಕರ್ಮಣಿ ಪ್ರಯೋಗ ಸಹಜ; ಇಂಗ್ಲಿಷಿನ ಕಚೇರಿಭಾಷೆಗೂ ಪ್ರಿಯ. ಕನ್ನಡದ ಆಡುಮಾತಿಗೆ ಅದು ಒಗ್ಗದು. ‘ಬೆಕ್ಕಿನಿಂದ ಹಾಲು ಕುಡಿಯಲ್ಪಟ್ಟಿತು’ ಎಂದು ಯಾವ ತಾಯಿಯೂ ಹೇಳಳು. ‘ಬೆಕ್ಕು ಹಾಲು ಕುಡಿಯಿತು’ ಎನ್ನುವಳು.

ಕನ್ನಡದ ಸತ್ತ್ವ ‘ಇಸು’ ಪ್ರತ್ಯಯದಲ್ಲಿದೆ. 13ನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ವಿವರಿಸಿದ್ದಾನೆ. ಮಾಡಿದವನು ಒಬ್ಬ, ಮಾಡಿಸಿದವನು ಇನ್ನೊಬ್ಬ. ಇಬ್ಬರೂ ವಾಕ್ಯದಲ್ಲಿ ನಿಲ್ಲುತ್ತಾರೆ. ನಮ್ಮ ಧರ್ಮವೂ ಕೃತ, ಕಾರಿತ, ಅನುಮೋದಿತ ಮೂರನ್ನೂ ಜೀವನ ಲೆಕ್ಕಕ್ಕೇ ಬರೆಯುತ್ತದೆ. ಅನುಮೋದಿಸಿದವನಿಗೆ ವ್ಯಾಕರಣದಲ್ಲಿ ಪ್ರತ್ಯಯವಿಲ್ಲ. ಕರ್ಮಬಂಧ ಮಾತ್ರ ತಪ್ಪದು.

ಆದುದರಿಂದ ಗಿರಾಕಿಗಳಿಗೆ ನಾನು ‘ಏರಿಸಿದ್ದೇನೆ’ ಎಂದೇ ಬರೆಯುತ್ತೇನೆ. ಕಾರಣ ಕೇಳಲು ಅವರಿಗೆ ಒಬ್ಬ ಮನುಷ್ಯನಾದರೂ ದೊರೆಯಲಿ.