ಕೆಂಪು ಚಾಕು ಮತ್ತ ಇಳಕಲ್ ಸೀರಿ

ಎಡಗೈ ಹೆಬ್ಬಟ್ಟಿಗಿ ಮೂರು ಹೊಲಗಿ ಬಿದ್ದು ಹದಿನೈದು ದಿನ ಆತು. ಅದಕ್ಕ ಹೋದ ವಾರ ಏನೂ ಬರೀಲಿಲ್ಲ. ಫೋನ್ ಮಾಡಿ ಕೇಳಿದ ಅಕ್ಕಾರಿಗೆಲ್ಲಾ "ಮಾವಿನಕಾಯಿ ಹೆಚ್ಚೂದ್ರಾಗ ಆತ್ರಿ" ಅಂತ ಅರ್ಧಾ ಹೇಳೀನಿ. ಉಳಿದ ಅರ್ಧಾ ಇಲ್ಲಿ ಬರೀತೀನಿ, ಯಾಕಂದ್ರ ಅದು ಮಾವಿನಕಾಯಿ ಸುದ್ದಿ ಅಲ್ಲ.

ಬನಹಟ್ಟಿಯಿಂದ ನಮ್ಮಣ್ಣನ ಮಗ ಬಂದಿದ್ದ. ಹುಬ್ಬಳ್ಳಿಯೊಳಗ ಇಂಜಿನಿಯರಿಂಗ್ ಓದತಾನ. ಬರುವಾಗ ಮುಧೋಳ ಬಸ್‌ಸ್ಟ್ಯಾಂಡಿನ ಹೊರಗ ಕೈಗಾಡಿ ಮ್ಯಾಲ ಒಂದು ಕೆಂಪು ಚಾಕು ತಗೊಂಡಿದ್ದ. ಕೆಂಪು ಹಿಡಕಿ, ಅದರ ಮ್ಯಾಲ ಬಿಳೀ ಕೂಡು ಗುರುತು. ಬಿಚ್ಚಿದರ ಒಂದು ದೊಡ್ಡ ಅಲಗು, ಒಂದು ಸಣ್ಣದು, ಕತ್ತರಿ, ಸ್ಕ್ರೂಡ್ರೈವರ್, ಬಾಟಲಿ ಮುಚ್ಚಳ ತೆಗಿಯೂದು, ಹಲ್ಲಿನ ಕಡ್ಡಿ ಸೈತ. ನಾ ಹಿತ್ತಲದಾಗ ಉಪ್ಪಿನಕಾಯಿಗಿ ಈಳಿಗಿ ಹಾಕ್ಕೊಂಡು ಕುಂತಿದ್ದೆ. "ಅತ್ತೀ, ಆ ಈಳಿಗಿ ಬಿಡು, ಇದರಲೆ ಹೆಚ್ಚಿ ನೋಡು, ಸ್ವಿಸ್ ಚಾಕು" ಅಂದ. ಹುಡುಗನ ಮನಸ್ಸು ಯಾಕ ಮುರೀಬೇಕು ಅಂತ ತಗೊಂಡೆ. ಎರಡು ಕಾಯಿ ಹೋಳಾದವು. ಮೂರನೇದಕ್ಕ ವಾಟಿ ಸಿಕ್ಕಿತು, ಒತ್ತಿದೆ, ಒಳಗಿನ ಸ್ಪ್ರಿಂಗ್ ಸಡ್ಲ ಇತ್ತು ಅಂತ ಕಾಣಿಸ್ತೈತಿ, ಅಲಗು ತಿರುಗಿ ಮಡಚಿ ಬಂದು ನನ್ನ ಹೆಬ್ಬಟ್ಟಿನ ಮ್ಯಾಲ ಕುಂತತು. ಉಪ್ಪು, ಮಾವಿನ ಹುಳಿ, ರಕ್ತ. ಆ ಉರಿ ಹೇಳಬಾರದು.

ದವಾಖಾನಿಯಿಂದ ಬಂದ ಮ್ಯಾಲ ಅವನಿಗೆ ಬೈಯೂದು ಸುರು ಮಾಡಿದೆ. "ಎಷ್ಟು ಕೊಟ್ಟಿ ಇದಕ್ಕ?" "ನೂರಾ ಎಂಬತ್ತು." "ಖರೇದರ ಬೆಲಿ ಎಷ್ಟು?" "ಸಾವಿರದ ಲೆಕ್ಕದಾಗ ಐತಿ ಅತ್ತಿ." ಅಂದ್ರ ಹುಡುಗ ಮೋಸ ಹೋಗಿಲ್ಲ, ಗೊತ್ತಿದ್ದೇ ತಗೊಂಡಾನ. ಅದಕ್ಕ ನನಗ ಇನ್ನೂ ಸಿಟ್ಟು ಬಂತು.

ನಮ್ಮ ಮಾವನವರು ಕಟ್ಟಿ ಮ್ಯಾಲ ಕುಂತು ಎಲ್ಲಾ ಕೇಳಾಕತ್ತಿದ್ದರು. ಅವರ ಅಂಗಿ ಕಿಸೆದಾಗ ಯಾವಾಗಲೂ ಒಂದು ಮಡಚೂ ಚಾಕು ಇರತೈತಿ. ಕಬ್ಬಿನ ಸಿಪ್ಪಿ ತೆಗಿಯಾಕ, ಹಗ್ಗ ಕೊಯ್ಯಾಕ, ಕಾಲಿನ ಮುಳ್ಳು ತೆಗಿಯಾಕ ಎಲ್ಲಾದಕ್ಕೂ ಅದೇ. ಲಾರಿ ಪಾಟಾದ ತುಂಡು ತಟ್ಟಿ ಕಂಬಾರ ಮಾಡಿಕೊಟ್ಟದ್ದು. ಅದರ ಮ್ಯಾಲ ಹೆಸರಿಲ್ಲ, ಗುರುತಿಲ್ಲ. ಒಮ್ಮೆ ಅದರ ಮೊಳಿ ಸಡ್ಲ ಆಗಿತ್ತಂತ, ಕಂಬಾರನ ಮನಿ ಬಾಗಲಕ್ಕ ಹೋಗಿ ನಿಂತರಂತ, ಅವ ಚಾ ಕುಡಿಸಿ, ಪುಕ್ಕಟ ಬಡದು ಕೊಟ್ಟನಂತ. "ನಿನ್ನ ಚಾಕು ಮಾಡಿದಾಂವನ ಮನಿ ಎಲ್ಲೈತೋ ತಮ್ಮಾ?" ಅಂದರು. ಹುಡುಗ ಏನೂ ಅನಲಿಲ್ಲ.

ಸಂಜೀಕ ಮೊಬೈಲಿನ್ಯಾಗ ಓದಿ ಅವನೇ ಹೇಳಿದ. ಆ ಖರೇ ಚಾಕು ಮಾಡೂ ಕಾರಖಾನಿ ಸ್ವಿಟ್ಜರ್ಲೆಂಡಿನ ಈಬಾಖ್ ಅನ್ನೂ ಊರಾಗ ಐತಂತ. 1884ರಾಗ ಕಾರ್ಲ್ ಎಲ್ಸೆನರ್ ಅನ್ನಾಂವ ಸಣ್ಣ ಅಂಗಡಿ ಇಟ್ಟ. 1891ರಾಗ ತಮ್ಮ ದೇಶದ ಸೈನಿಕರಿಗೆ ಚಾಕು ಮಾಡಿ ಕೊಟ್ಟ. 1909ರಾಗ ಅವನ ಅವ್ವ ತೀರಿಕೊಂಡಳು. ಆಕಿ ಹೆಸರು ವಿಕ್ಟೋರಿಯಾ. ಮಗ ತನ್ನ ಚಾಕುಗಳಿಗೆ ಅವ್ವನ ಹೆಸರೇ ಇಟ್ಟ. ಮುಂದ 1921ರಾಗ ತುಕ್ಕು ಹಿಡಿಯದ ಉಕ್ಕು ಬಂತು, ಅದಕ್ಕ ಫ್ರೆಂಚಿನಾಗ ಇನಾಕ್ಸ್ ಅಂತಾರಂತ, ಅದನ್ನೂ ಕೂಡಿಸಿ ವಿಕ್ಟೋರಿನಾಕ್ಸ್ ಆತು. ನನಗ ಈ ಅವ್ವನ ಸುದ್ದಿ ಕೇಳಿ ಒಂದು ನಮೂನಿ ಆತು. ನಾಕು ಅಲಗು ಕೂಡಿಸಿ ಮಡಚೂ ಚಾಕು ಯಾರು ಬೇಕಾದವರೂ ಮಾಡಲಿ. ನಾವು ಒಬ್ಬರ ಕಸೂತಿ ನೋಡಿ ಒಬ್ಬರು ಹಾಕೂದಿಲ್ಲೇನು? ಗೋಪುರ, ತೇರು, ಆನಿ ಅಂಬಾರಿ ಎಲ್ಲಾ ಹಂಗೇ ಮನಿಯಿಂದ ಮನಿಗಿ ಬಂದಾವು. ಆದ್ರ ಮಂದಿ ಹೆಸರು, ಗುರುತು ಕದ್ದು ಹಾಕೂದು ಬ್ಯಾರೆ. ಅವಗ ಹಂಗೇ ಅಂದೆ. "ಇನ್ನೊಬ್ಬರ ಅವ್ವನ ಹೆಸರು ಮಾರಿಕೊಂಡು ಬದುಕೂದು ನಾಚಿಕಿ ಅಲ್ಲೇನೋ? ತಗೊಳ್ಳೂ ನಿನಗೂ ನಾಚಿಕಿ ಬ್ಯಾಡಾ?"

ಅವ ಸುಮ್ಮನ ನನ್ನ ಮಾರಿ ನೋಡಿದ. ಆಮ್ಯಾಲ ಅಂದ, "ಅತ್ತೀ, ನಮ್ಮನ್ಯಾಗ ನೇಯೂ ಸೀರಿ ಮ್ಯಾಲ ಯಾವ ಊರಿನ ಹೆಸರು ಬೀಳತೈತಿ?"

ನನ್ನ ಬಾಯಿ ಕಟ್ಟಿತು.

ಗೊತ್ತಿರದವರಿಗೆ ಹೇಳತೀನಿ. ನನ್ನ ತವರು ಬನಹಟ್ಟಿ. ರಬಕವಿ-ಬನಹಟ್ಟಿ ಅಂದ್ರ ಮಗ್ಗದ ಊರು, ಮೊದಲು ನಮ್ಮ ಜಮಖಂಡಿ ತಾಲೂಕಿನಾಗೇ ಇತ್ತು. ನಮ್ಮ ಅಜ್ಜ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ನೇದಾಂವ. ಅಪ್ಪನ ಕಾಲಕ್ಕ ಪಾವರಲೂಮ್ ಬಂತು. ನಾ ಕಂಡಿಕಿ ಸುತ್ತಿ ಸುತ್ತಿ ಎಸ್ಸೆಸ್ಸೆಲ್ಸಿ ಓದಿದಾಕಿ. ಆ ಖಟಕ್ ಖಟಕ್ ಸಪ್ಪಳ ನಿಂತರ ನಮಗ ನಿದ್ದಿ ಎಚ್ಚರ ಆಗತಿತ್ತು, ಯಾಕಂದ್ರ ಕರೆಂಟ್ ಹೋತು ಅಂತ ಅರ್ಥ, ಕರೆಂಟ್ ಹೋತು ಅಂದ್ರ ಆ ದಿನದ ಮಜೂರಿ ಹೋತು ಅಂತ ಅರ್ಥ. ಅಣ್ಣಗ ಸಾಹುಕಾರ ನೂಲು ಕೊಡತಾನ, ನೇದ ಸೀರಿ ಎಣಿಸಿ ತಗೊಂಡು ಹೋಗತಾನ. ಇಳಕಲ್ ನಮೂನಿ ಸೀರಿ, ಅದೇ ಕೆಂಪು ಸೆರಗು, ಅದೇ ದಡಿ. ಪ್ಯಾಟಿಗಿ ಹೋಗೂದ್ರಾಗ ಅದು "ಇಳಕಲ್ ಸೀರಿ" ಆಗಿರತೈತಿ. ಅಣ್ಣನ್ನ ಕೇಳಿದರ "ನಾವು ನೇಯತೀವಿ, ಹೆಸರು ಬರಿಯೂರು ಬ್ಯಾರೆ" ಅಂತಾನ. ನನ್ನ ಲಗ್ನದ ಬಂಗಾರ ಆ ಸೀರಿ ರೊಕ್ಕದಾಗೇ ಆದದ್ದು. ಅವಗ ನಾಚಿಕಿ ಬ್ಯಾಡಾ ಅಂತ ಕೇಳಾಕ ನನಗ ಬಾಯಿ ಎಲ್ಲೈತಿ?

ಖರೇ ಇಳಕಲ್ಲಿಗೂ ಇದಕ್ಕೂ ಏನು ಫರಕು ಅಂತ ನಮ್ಮ ಓಣ್ಯಾಗಿನ ಭಾಳ ಮಂದಿ ಕೇಳತೀರಿ. ಹೇಳತೀನಿ, ಅಂಗಡಿಗಿ ಹೋದಾಗ ಉಪಯೋಗ ಬೀಳತೈತಿ. ಇಳಕಲ್ ಸೀರಿಯೊಳಗ ಮೈ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಮೈ ಹತ್ತಿದು, ಸೆರಗಿನ ಹಾಸು ಕೆಂಪು ರೇಶಿಮಿ, ಇಲ್ಲಾ ಆರ್ಟ್ ಸಿಲ್ಕ್. ಮಗ್ಗ ಸುರು ಆಗೂಕಿಂತ ಮೊದಲೇ ಆ ಎರಡೂ ಹಾಸಿನ ಎಳಿ ಒಂದಕ್ಕೊಂದು ಕುಣಿಕಿ ಹಾಕಿ ಕೂಡಸತಾರ. ಎಳಿ ಎಳಿಗೂ. ಅದಕ್ಕ ತೋಪ ತೆನಿ ಅಂತಾರ. ಹಿಂಗಾಗಿ ಒಂದೊಂದು ಸೀರಿಗೂ ಒಂದೊಂದು ಹಾಸು ಬ್ಯಾರೇನೇ ತಯಾರ ಮಾಡಬೇಕು. ಪಾವರಲೂಮಿನಾಗ ಅದು ನಡಿಯೂದಿಲ್ಲ, ಅದಕ್ಕ ಉದ್ದ ಹಾಸು ಬೇಕು, ಸೀರಿ ಮ್ಯಾಲ ಸೀರಿ ಇಳೀತಿರಬೇಕು. ಮೈಯಾಗಿನ ಹಾಸೇ ಸೆರಗಿನಾಗೂ ಹೋಗತೈತಿ, ಮ್ಯಾಲ ಹೊಕ್ಕು ಅಷ್ಟೇ ಕೆಂಪು ಹಾಕತಾರ.

ಅದಕ್ಕ ಸೀರಿ ತಿರುವಿ ಹಾಕ್ರಿ. ಮೈ ಮುಗಿದು ಸೆರಗು ಸುರು ಆಗೂ ಕಡೆ ಬೆರಳು ಆಡಸ್ರಿ. ಕುಣಿಕಿ ಸಾಲು ಬೆರಳಿಗಿ ಹತ್ತಬೇಕು. ಹತ್ತಲಿಲ್ಲ, ಮೈ ಬಣ್ಣದ ಎಳಿ ಹಂಗೇ ಸೆರಗಿನಾಗ ಹೊಕ್ಕಾವು, ಸೆರಗಿನ ಕೆಂಪು ಒಂದೀಟು ಮಬ್ಬಾಗೈತಿ ಅಂದ್ರ ಅದು ಇಳಕಲ್ಲಿನ ಮಗ್ಗದ್ದಲ್ಲ. ಕೈಮಗ್ಗದ್ದು ಅಂದ್ರ ಕೈಮಗ್ಗದ ಗುರುತಿನ ಚೀಟಿ ಕೇಳ್ರಿ, 2006ರಿಂದ ಸರಕಾರದ ಆ ಗುರುತು ಐತಿ. ಇಳಕಲ್ ಅನ್ನೂ ಹೆಸರಿಗೂ ಕಾಯದೆ ಪ್ರಕಾರ ಭೌಗೋಳಿಕ ಗುರುತಿನ ರಕ್ಷಣೆ ಸಿಕ್ಕೈತಿ. ಅದರ ಹೊರತು 1985ರ ಕಾಯದೆ ಒಂದೈತಿ, ಇಂತಿಂಥಾ ನಮೂನಿ ಸೀರಿ, ಧೋತರ, ಲುಂಗಿ ಕೈಮಗ್ಗದಾಗೇ ನೇಯಬೇಕು ಅಂತ. ಮೊದಲು 22 ಮಾಲು ಇದ್ದವು, ಈಗ 11ಕ್ಕ ಇಳಿದಾವು. ಪಾವರಲೂಮಿನವರು ಕೋರ್ಟಿಗಿ ಹೋಗಿದ್ದರು, 1993ರಾಗ ಸುಪ್ರೀಂ ಕೋರ್ಟ್ ಕಾಯದೆ ಸರಿ ಐತಿ ಅಂತು. ಕಾಯದೆ ಪುಸ್ತಕದಾಗ ಐತಿ, ಸೀರಿ ಪ್ಯಾಟ್ಯಾಗ ಐತಿ.

ಇಷ್ಟೆಲ್ಲಾ ಗೊತ್ತಿದ್ದಾಕಿ ನಾನು. ಈಗ ಹೇಳೂದು ಅದಕ್ಕೇ ಕಷ್ಟ ಆಗತೈತಿ.

2019ರಾಗ ನಮ್ಮ ಬೀಳಗಿ ನಾದನಿ ಕುಬಸ ಇತ್ತು. ತವರಿನ ಸೀರಿ ನಾ ತರಬೇಕಾಗಿತ್ತು. ಇಳಕಲ್ಲಿಗೇ ಹೋಗಿ ಕೈಮಗ್ಗದ್ದು ತರ್ರಿ ಅಂತ ನಮ್ಮತ್ತಿ ಆಗ ಇದ್ದವರು ಹೇಳಿ ರೊಕ್ಕ ಕೊಟ್ಟಿದ್ದರು. ಬಿಸಲು, ಸಣ್ಣ ಹುಡುಗ ಕಂಕುಳಾಗ, ಯಾರು ಹೋಗಬೇಕು ಅಂತ ಪ್ಯಾಟ್ಯಾಗಿನ ಒಂದು ಅಂಗಡಿಗಿ ಹೋದೆ. ಅಂಗಡಿಯಾಂವ 2,800 ಹೇಳಿದ. ನಾ ಸೆರಗು ತಿರುವಿದೆ, ಬೆರಳು ಆಡಿಸಿದೆ, ಕುಣಿಕಿ ಇರಲಿಲ್ಲ. ಅವನ ಮಾರಿ ನೋಡಿದೆ. ಅವ ನನ್ನ ಮಾರಿ ನೋಡಿ "1,900 ಕೊಡ್ರಿ ಅಕ್ಕಾರ" ಅಂದ. ತಗೊಂಡು ಬಂದೆ. ಉಳಿದ 900 ರೂಪಾಯಿ ಚಂದಾಗಿ ಎಣಿಸಿ ಅತ್ತಿಗಿ ವಾಪಸ್ ಕೊಟ್ಟೆ, ಅದನ್ನ ನುಂಗಲಿಲ್ಲ. ಆದ್ರ ಉಡಿ ತುಂಬುವಾಗ ಎಲ್ಲಾರ ಮುಂದ "ಇಳಕಲ್ ಕೈಮಗ್ಗದ್ದವಾ, ಜತನ ಮಾಡು" ಅಂತ ಈ ಬಾಯಿಂದನೇ ಅಂದೆ. ಅಂಗಡಿಯಾಂವ ನನಗ ಮೋಸ ಮಾಡಲಿಲ್ಲ. ಮಾಡಿದಾಕಿ ನಾನು.

ಹೆಬ್ಬಟ್ಟು ಮಿಡಿಯೂ ರಾತ್ರಿ ನಿದ್ದಿ ಹತ್ತಲಿಲ್ಲ. ಮರುದಿನ ನಾದನಿಗಿ ಫೋನ್ ಹಚ್ಚಿದೆ. ಎಲ್ಲಾ ಹೇಳಿದೆ. ಆಕಿ ನಕ್ಕು "ಬಿಡ್ರಿ ವೈನಿ" ಅಂತಾಳ ಅಂತ ಒಳಗೊಳಗ ಅಂದ್ಕೊಂಡಿದ್ದೆ, ಸುಳ್ಳು ಯಾಕ ಹೇಳಲಿ. ಆಕಿ ನಗಲಿಲ್ಲ. ಭಾಳ ಹೊತ್ತು ಸುಮ್ಮನಿದ್ದು, "ಹೇಳದಿದ್ದರ ಚೊಲೊ ಇತ್ತಲ್ಲರಿ ವೈನಿ" ಅಂದ್ಳು. "ಹೋದ ವರ್ಷ ನಮ್ಮತ್ತಿ ಅದನ್ನ ಉಟಗೊಂಡು ಬನಶಂಕರಿ ಜಾತ್ರಿಗಿ ಹೋಗಿದ್ದರು. ಸೊಸಿ ತವರಿನ ಸೀರಿ, ಇಳಕಲ್ ಕೈಮಗ್ಗದ್ದು ಅಂತ ಸಿಕ್ಕ ಸಿಕ್ಕವರಿಗೆಲ್ಲಾ ಸೆರಗು ತೋರಿಸಿ ಬಂದಾರ. ಈಗ ಅವರಿಗೆ ನಾ ಏನು ಹೇಳಲಿ?"

ಫೋನ್ ಇಟ್ಟ ಮ್ಯಾಲ ನನಗ ಹೊಳದದ್ದು ಇದು. ಹುಡುಗ ತನ್ನ ಚಾಕು ಡುಪ್ಲಿಕೇಟ್ ಅಂತ ಗೊತ್ತಿದ್ದು ತನಗಂತ ತಗೊಂಡಿದ್ದ. ಆದರೂ ಅದು ನನ್ನ ಕೈಗಿ ಬಂತು, ನನಗ "ಸ್ವಿಸ್ ಚಾಕು" ಅಂತ ಹೇಳಿ ಕೊಟ್ಟ. ತಗೊಂಡಾಂವಗ ಗೊತ್ತಿತ್ತು, ಕೊಯ್ಕೊಂಡಾಕಿಗಿ ಗೊತ್ತಿರಲಿಲ್ಲ. ನಾ ತಂದ ಸೀರಿನೂ ಹಂಗೇ ನನ್ನ ಕೈಯಿಂದ ನಾದನಿ ಕೈಗಿ, ಅಲ್ಲಿಂದ ಆಕಿ ಅತ್ತಿ ಮೈಗಿ ಹೋತು. ಅಗ್ಗದ ಮಾಲು ಒಬ್ಬರ ಹತ್ತರ ನಿಲ್ಲೂದಿಲ್ಲ ನೋಡ್ರಿ. ಮತ್ತ ಇಳಕಲ್ಲಿನಾಗ ಎಳಿ ಎಳಿ ಕುಣಿಕಿ ಹಾಕೂ ಹೆಣಮಗಳು ಒಬ್ಬಾಕಿ ಇದ್ದಾಳಲ್ಲ, ಆಕಿ ಕೂಲಿ ಆ ದಿನ ನನ್ನ 900 ರೂಪಾಯಿದಾಗ ಉಳೀತು.

ಅಣ್ಣಗೂ ಫೋನ್ ಮಾಡಿದೆ. ನೀವು ನೇದದ್ದಕ್ಕ ಬನಹಟ್ಟಿ ಸೀರಿ ಅಂತನೇ ಹೆಸರು ಹಾಕಸ್ರಿ, ನಿಮ್ಮ ಕೈಕಸುಬು ಏನು ಕೀಳೈತೇನು ಅಂದೆ. ಅವ ನಕ್ಕ. "ತಂಗೀ, ಬನಹಟ್ಟಿ ಅಂತ ಬರದರ ಸಾಹುಕಾರ ಸೀರಿಗಿ ಐವತ್ತು ರೂಪಾಯಿ ಮುರೀತಾನ" ಅಂದ. ಆಮ್ಯಾಲ ದನಿ ಬದಲಾತು. ಈಗ ನಮ್ಮ ಸೀರಿ ನಮೂನಿನೇ ಸೂರತ್ತಿನವರು ಪಾಲಿಸ್ಟರ್ ಮ್ಯಾಲ ಪ್ರಿಂಟ್ ಹೊಡದು ಕಳಸತಾರ, ದಡಿನೂ ಪ್ರಿಂಟು, ಸೆರಗೂ ಪ್ರಿಂಟು, ನಮ್ಮ ಅರ್ಧ ಬೆಲಿಗಿ, ನಾಕು ಮಗ್ಗದಾಗ ಎರಡು ನಿಂತಾವು ಅಂದ. ಅದನ್ನ ಹೇಳುವಾಗ ಅವನ ಮಾತಿನಾಗ ಎಂಥಾ ಸಂಕಟ ಇತ್ತಂದ್ರ, ಇಳಕಲ್ಲಿನವರೂ ನಿಮ್ಮ ಸುದ್ದಿ ಹಿಂಗೇ ಮಾತಾಡತಾರಣ್ಣ ಅಂತ ನಾಲಗಿ ತುದಿಗಿ ಬಂದದ್ದನ್ನ ನುಂಗಿದೆ. ಹೇಳಬೇಕಿತ್ತೋ ಏನೋ. ಅವನ ಮನ್ಯಾಗೂ ಮಗನ ಫೀ ಕಟ್ಟೂದೈತಿ. ಪಾವರಲೂಮ್ ಸೀರಿ ತಗೋಬ್ಯಾಡ್ರಿ ಅಂತ ನಾ ಯಾರಿಗೂ ಹೇಳೂದಿಲ್ಲ, ಹೇಳಿದರ ನನ್ನ ತವರಿನ ಒಲಿ ಆರತೈತಿ. ನಾ ಉಡೂದೂ ಅದನ್ನೇ. ಮೊನ್ನೆ ಮಹಿಳಾ ಸಂಘದ ಸಭಾದಾಗ ಒಬ್ಬರು "ಇಳಕಲ್ಲಿಂದೇನ್ರಿ?" ಅಂದರು. "ಅಲ್ರಿ, ಬನಹಟ್ಟಿದು, ನಮ್ಮಣ್ಣನ ಪಾವರಲೂಮಿಂದು, 700 ರೂಪಾಯಿ" ಅಂದೆ. ಅವರು "ಹೌದಾ" ಅಂತ ಸೆರಗು ಕೈಬಿಟ್ಟರು.

ಆ ಚಾಕು ಅಡಗಿಮನಿ ಮಾಡದಾಗ ಬಿದ್ದೈತಿ. ಮಾವನವರು ಕಂಬಾರನ ಹತ್ತರ ಒಯ್ದು ಮೊಳಿ ಬಿಗಿ ಮಾಡಿಸಿಕೊಂಡು ಬರತೀನಿ ಅಂತಾರ, ಹುಡುಗ ಬ್ಯಾಡ ಒಗದುಬಿಡ್ರಿ ಅಂತಾನ.

ಪಂಚಮಿಗಿ ನಾದನಿ ಬರತಾಳ. ಬಂದೇ ಬರತಾಳ, ಮಾತು ಕಡಿಮಿ ಮಾಡ್ಯಾಳ ಅಷ್ಟೇ. ಅದರೊಳಗ ಇಳಕಲ್ಲಿಗಿ ಹೋಗಿ ಮಗ್ಗದ ಮನಿಯೊಳಗೇ ಕುಂತು ಒಂದು ಸೀರಿ ತರಬೇಕು ಅಂತ ಮಾಡೀನಿ. ಬೆಲಿ ಕೇಳೀನಿ, ರೇಶಿಮಿ ಸೆರಗಿಂದು ನನ್ನ ಚೀಟಿ ರೊಕ್ಕದ ಮೂರು ತಿಂಗಳ ಕಂತು ಆಗತೈತಿ. ನಮ್ಮನಿಯವರು "ಎರಡು ತರಬೇಕಾಗತೈತಿ ನೋಡು, ಆಕಿ ಅತ್ತಿಗೂ ಒಂದು" ಅಂದರು. ಚ್ಯಾಷ್ಟಿ ಮಾಡಿದರೋ, ಖರೇ ಅಂದರೋ, ಇನ್ನೂ ಕೇಳಿಲ್ಲ. ನಿಮ್ಮ ಪೈಕಿ ಯಾರರೆ ಈ ತಿಂಗಳು ಇಳಕಲ್ಲಿಗಿ ಹೊಂಟಿದ್ದರ ತಿಳಸ್ರಿ, ನಾನೂ ಕೂಡಿ ಬರತೀನಿ.