ಶಕಲ್ ಕೊಡುವ ಪ್ರೋಟೀನ್

ಹೋದ ವರ್ಷ ಇಂಡಿಯ ನಮ್ಮ ಮನೆಯಲ್ಲಿ ತಮ್ಮನಿಗೆ ಟೈಫಾಯಿಡ್ ಆಗಿತ್ತು. ಅದರ ಬ್ಯಾಕ್ಟೀರಿಯಾ ಕೋಲಿನಂತಿರುವ ಚಿತ್ರವನ್ನು ಬಿ.ಎಸ್ಸಿ. ಓದುವ ಆಪಾ ತೋರಿಸಿದಳು.

“ಇದಕ್ಕೆ ಈ ಶಕಲ್ ಯಾರು ಕೊಟ್ಟರು?” ಎಂದೆ.

“ಎಂ-ಆರ್-ಇ-ಬಿ ಎಂಬ ಪ್ರೋಟೀನ್” ಎಂದಳು. ಅದು ಎಳೆಗಳಾಗಿ ಪೊರೆಗೆ ಒಳಗಿನಿಂದ ಅಂಟಿಕೊಂಡು, ಹೊರಗೋಡೆ ಎಲ್ಲಿ ಕಟ್ಟಬೇಕೆಂದು ದಾರಿ ತೋರಿಸುತ್ತದಂತೆ. ಅದು ಕೆಲಸ ನಿಲ್ಲಿಸಿದರೆ ಕೋಲು ಗುಂಡಗಾಗುತ್ತದೆ. 2001ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಅದರ ರಚನೆ ಬಿಡಿಸಿದಾಗ, ಅದು ನಮ್ಮ ಸ್ನಾಯುಗಳಲ್ಲಿರುವ ಆಕ್ಟಿನ್ ಪ್ರೋಟೀನಿನಂತೆಯೇ ಕಂಡಿತು.

ಜ್ವರದಿಂದ ಬಡಕಲಾಗಿದ್ದ ತಮ್ಮನ ತೋಳು ನೋಡಿದೆ. ಅವನಲ್ಲೂ, ಅವನನ್ನು ಮಲಗಿಸಿದ ರೋಗಾಣುವಿನಲ್ಲೂ ಒಂದೇ ಬಗೆಯ ಎಳೆ!

ಅಂಕ ಕಡಿಮೆ ಬಂದು ಕಾಮರ್ಸ್ ತೆಗೆದುಕೊಂಡವನು ನಾನು. ವಿಜ್ಞಾನದ ಬಾಗಿಲು ಮುಚ್ಚಿತೆಂದು ಅಂದುಕೊಂಡಿದ್ದೆ. ಪ್ರಶ್ನೆ ಕೇಳಲು ಮಾತ್ರ ಯಾವ ವಿಭಾಗವೂ ಬೇಕಿಲ್ಲ.