ಆಶೀರ್ವಾದಕ್ಕಿಂತ ಮೊದಲು ಲೆಕ್ಕ



ಮಠದ ನೆರಳಿನಲ್ಲಿ ಓದಿ ಬೆಳೆದ ನಮಗೆ ವ್ಯಾಪಾರದ ವಿಷಯವಾಗಿ ಬರೆಯುವ ಅಧಿಕಾರವೇನಿದೆ ಎಂದು ತಾವು ಕೇಳಬಹುದು. ಆ ಪ್ರಶ್ನೆ ನ್ಯಾಯವಾದುದೇ. ಕಾಯಕ ತತ್ತ್ವವನ್ನು ಕುರಿತು ನಾಲ್ಕು ದಶಕಗಳಿಂದ ಪ್ರವಚನ ಮಾಡುತ್ತ ಬಂದ ನಾವು ಒಂದು ದಿನವಾದರೂ ಅಂಗಡಿಯ ಗಲ್ಲೆಯ ಮುಂದೆ ಕುಳಿತವರಲ್ಲ. ಹಾಗಿದ್ದರೂ ನಮ್ಮ ಒಂದೇ ಮಾತು ಒಂದು ಕುಟುಂಬದ ಅನ್ನದ ದಾರಿಯನ್ನು ಅಪಾಯಕ್ಕೆ ತಳ್ಳಿತು. ಆ ತಪ್ಪಿನಿಂದ ನಾವು ಕಲಿತುದನ್ನು, ಸಣ್ಣ ಅಂಗಡಿ, ಹಿಟ್ಟಿನ ಗಿರಣಿ, ಹೊಲಿಗೆಯ ಕಾಯಕ, ಖಾನಾವಳಿಗಳನ್ನು ನಂಬಿ ಬದುಕುತ್ತಿರುವ ಸಮಾಜ ಬಾಂಧವರ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಧಾರವಾಡದಲ್ಲಿ ಅಧ್ಯಾಪಕ ವೃತ್ತಿಗೆ ಸೇರಿದ ಹೊಸತರಲ್ಲಿ ನಾವು ಒಂದು ಲಿಂಗಾಯತ ಖಾನಾವಳಿಯಲ್ಲಿ ಎರಡು ಹೊತ್ತು ಪ್ರಸಾದ ಸ್ವೀಕರಿಸುತ್ತಿದ್ದೆವು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೊನೆಗೆ ಅನ್ನ, ಮಜ್ಜಿಗೆ. ಆ ತಾಯಿ ಸುಗ್ಗಿ ಮುಗಿಯುತ್ತಲೇ ವರ್ಷಕ್ಕೆ ಬೇಕಾಗುವ ಹಿಂಗಾರಿ ಬಿಳಿಜೋಳವನ್ನು ಕೊಂಡು, ಬೇವಿನ ಎಲೆ ಬೆರೆಸಿ ಕೂಡಿಡುತ್ತಿದ್ದರು. ಬೆಲೆ ಏರಿದ ಕಾಲದಲ್ಲಿಯೂ ಅವರ ತಾಟಿನಲ್ಲಿ ರೊಟ್ಟಿ ತೆಳುವಾಗಲಿಲ್ಲ. ಅವರ ಖಾನಾವಳಿಗೆ ದೊಡ್ಡ ಬೋರ್ಡು ಸಹ ಇರಲಿಲ್ಲ. ಉಂಡು ಹೋದವರ ಬಾಯಿಯೇ ಅವರ ಜಾಹೀರಾತು.

೨೦೨೨ರಲ್ಲಿ ಆ ತಾಯಿಯ ಮಗ ನಮ್ಮ ಬಳಿಗೆ ಬಂದರು. ೨೦೨೦ರ ಲಾಕ್‌ಡೌನ್ ಕಳೆದ ಮೇಲೆ ಗಿರಾಕಿಗಳು ಮೊದಲಿನಂತೆ ಬರುತ್ತಿರಲಿಲ್ಲ. ಪಕ್ಕದ ಮಳಿಗೆಯನ್ನೂ ಬಾಡಿಗೆಗೆ ಹಿಡಿದು, ಎ.ಸಿ. ಹಾಲ್ ಮಾಡಿ, ಪನೀರು, ನೂಡಲ್ಸ್ ಮೊದಲಾದ ತಿನಿಸುಗಳನ್ನು ಸೇರಿಸಿದರೆ ಹೇಗೆ ಎಂದು ಕೇಳಿದರು. ಅದಕ್ಕಾಗಿ ಸಾಲ ಮಾಡಬೇಕಾಗಿತ್ತು. ಅವರು ಕೇಳಿದ್ದು ಸಲಹೆಯನ್ನು. ನಾವು ಕೊಟ್ಟದ್ದು ಆಶೀರ್ವಾದವನ್ನು. ಕಾಯಕ ಬೆಳೆಯಲೇಬೇಕು, ಶುಭ ಕಾರ್ಯಕ್ಕೆ ತಡವೇಕೆ ಎಂದು ಹೇಳಿ, ಉದ್ಘಾಟನೆಗೂ ಹೋಗಿ ಅರ್ಧ ತಾಸು ಮಾತನಾಡಿ ಬಂದೆವು. ಹತ್ತು ನಿಮಿಷ ಕುಳಿತು ಅವರ ಲೆಕ್ಕವನ್ನು ಕೇಳಲಿಲ್ಲ.

ಎಂಟು ತಿಂಗಳ ನಂತರ ಆ ತಾಯಿಯೇ ನಮ್ಮ ಮನೆಗೆ ಬಂದರು. ಸೊಸೆಯ ಬಳೆಗಳು ಒತ್ತೆಗೆ ಹೋಗಿದ್ದವು. ಸಿಟ್ಟಿನಿಂದಲ್ಲ, ದಣಿವಿನಿಂದ ಅವರು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: “ಗುರುಗಳ, ನೀವು ಆಶೀರ್ವಾದ ಮಾಡಿದ್ರಿ, ಖರ್ಚು ಎಷ್ಟು ಬರ್ತೈತಿ ಅಂತ ಒಂದು ಮಾತು ಕೇಳಿದ್ರ ಅಂವ ಅಲ್ಲೇ ನಿಲ್ತಿದ್ದ. ನಿಮ್ಮ ಮಾತು ಮೀರಬಾರದು ಅಂತ ನಾನೂ ಸುಮ್ಮನಾದೆ.”

ಅಂದಿನ ಸಂಜೆಯೇ ನಾವು ಖಾನಾವಳಿಗೆ ಹೋದೆವು. ಮೂರು ಸಂಜೆ ತಾಯಿ, ಮಗ, ಸೊಸೆ ಹಾಗೂ ನಾವು ಕೀರ್ದಿ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತೆವು. ಒಂದು ಊಟದ ಬೆಲೆ ನೂರು ರೂಪಾಯಿ. ಜೋಳ, ಕಾಯಿಪಲ್ಯೆ, ಎಣ್ಣೆ, ಗ್ಯಾಸು, ಕೂಲಿ ಎಲ್ಲ ಕಳೆದರೆ ಉಳಿಯುವುದು ಮೂವತ್ತು. ಹೊಸ ಹಾಲಿನ ಬಾಡಿಗೆ, ಕರೆಂಟು, ಅಡಿಗೆಯವರ ಸಂಬಳ, ಸಾಲದ ಕಂತು ಸೇರಿ ತಿಂಗಳಿಗೆ ಅರವತ್ತು ಸಾವಿರ. ಅರವತ್ತು ಸಾವಿರವನ್ನು ಮೂವತ್ತರಿಂದ ಭಾಗಿಸಿದರೆ ಎರಡು ಸಾವಿರ. ಅಂದರೆ ಮೊದಲಿದ್ದ ಗಿರಾಕಿಗಳ ಮೇಲೆ ದಿನಕ್ಕೆ ಇನ್ನೂ ಅರವತ್ತೇಳು ಜನ ಉಂಡರೆ ಮಾತ್ರ ಆ ಹಾಲಿನ ಖರ್ಚು ಸರಿದೂಗುತ್ತಿತ್ತು. ಬರುತ್ತಿದ್ದವರು ಇಪ್ಪತ್ತೈದು ಜನ. ಏಳನೆಯ ತರಗತಿಯ ಬಾಲಕನೂ ಮಾಡಬಹುದಾದ ಈ ಭಾಗಾಕಾರವನ್ನು ಸಾಲ ಮಾಡುವ ಮೊದಲು ನಮ್ಮಲ್ಲಿ ಯಾರೂ ಮಾಡಿರಲಿಲ್ಲ.

ಎರಡನೆಯ ಸಂಜೆ ಇನ್ನೊಂದು ಸತ್ಯ ಹೊರಬಿತ್ತು. ಹಳೆಯ ಗಿರಾಕಿಗಳು ಏಕೆ ಬಿಟ್ಟರು ಎಂಬುದನ್ನು ಯಾರೂ ಅವರನ್ನೇ ಕೇಳಿರಲಿಲ್ಲ. ಇಪ್ಪತ್ತು ಜನರನ್ನು ಮಗನಿಂದಲೇ ಕೇಳಿಸಿದೆವು. ಪನೀರು ಇಲ್ಲವೆಂದು ಬಿಟ್ಟವನು ಒಬ್ಬನೂ ಇರಲಿಲ್ಲ. ಲಾಕ್‌ಡೌನಿನ ನಂತರ ರೊಟ್ಟಿ ಬಡಿಯುವ ಮೂವರು ಹೆಣ್ಣುಮಕ್ಕಳಲ್ಲಿ ಇಬ್ಬರನ್ನು ಬಿಡಿಸಿದ್ದರು. ಮಧ್ಯಾಹ್ನದ ವಿರಾಮದಲ್ಲಿ ಬರುವ ಕಚೇರಿಯವರಿಗೆ ಒಂದೋ ಕಾಯುವುದು, ಇಲ್ಲವೇ ತಣ್ಣನೆಯ ರೊಟ್ಟಿ. ಹೆಚ್ಚಿನವರು ಹೇಳಿದ ಕಾರಣ ಅದೊಂದೇ. ರೋಗವೊಂದು, ಮದ್ದೊಂದು ಎಂಬಂತಾಗಿತ್ತು.

ಮೂರನೆಯ ಸಂಜೆ ನಿರ್ಣಯದ ಸಂಜೆ. ಹಾಲಿಗೆ ಸುರಿದ ಹಣ ವ್ಯರ್ಥವಾಗುತ್ತದೆ, ಇನ್ನೊಂದು ವರ್ಷ ನೋಡೋಣ ಎಂದು ಮಗ ಅಂದರು. ಕಳೆದ ಹಣ ನಾವು ಮುಂದುವರಿಸಿದರೂ ಬಾರದು, ನಿಲ್ಲಿಸಿದರೂ ಬಾರದು. ವಿಚಾರಿಸಬೇಕಾದುದು ನಾಳೆ ಕಳೆಯಲಿರುವ ಹಣವನ್ನು ಕುರಿತು ಎಂದು ಸೊಸೆ ಹೇಳಿದರು. ಆ ಮಾತಿನ ಮುಂದೆ ನಮ್ಮ ಪಾಂಡಿತ್ಯ ತಲೆಬಾಗಿತು. ಮುಂಗಡದಲ್ಲಿ ಒಂದು ಭಾಗವನ್ನು ಕಳೆದುಕೊಂಡು ಹಾಲನ್ನು ಬಿಟ್ಟುಕೊಟ್ಟರು. ಬಿಟ್ಟುಹೋದ ಇಬ್ಬರು ಹೆಣ್ಣುಮಕ್ಕಳನ್ನು ಕೂಲಿ ಹೆಚ್ಚಿಸಿ ಮರಳಿ ಕರೆತಂದರು. ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿ ರೊಟ್ಟಿ ಎಂದು ರಸ್ತೆಯ ತಿರುವಿನಲ್ಲಿ ಬೋರ್ಡು ಹಾಕಿದರು, ಬರೆದಂತೆ ನಡೆದುಕೊಂಡರು. ಮುಂಜಾನೆ ಫೋನು ಮಾಡಿದ ಕಚೇರಿಗಳಿಗೆ ಡಬ್ಬಿ ಕಳುಹಿಸತೊಡಗಿದರು. ಬೆಂಗಳೂರು, ಪುಣೆಗಳಲ್ಲಿರುವ ಮಕ್ಕಳಿಗಾಗಿ ಖಡಕ್ ರೊಟ್ಟಿ ಮಾರುವ ವಿಚಾರ ಬಂದಾಗ, ಯಂತ್ರ ಕೊಳ್ಳದೆ, ಕೈಯಿಂದಲೇ ವಾರಕ್ಕೆ ನೂರು ರೊಟ್ಟಿ ಮಾಡಿ ಪರೀಕ್ಷಿಸುವುದು, ದೀಪಾವಳಿಯೊಳಗೆ ಬೇಡಿಕೆ ಬಾರದಿದ್ದರೆ ನಿಲ್ಲಿಸುವುದು ಎಂದು ಮೊದಲೇ ಬರೆದಿಟ್ಟರು. ಬೇಡಿಕೆ ಬಂದಿತು; ಕೆಲಸ ಇಂದಿಗೂ ನಡೆದಿದೆ.

ಇನ್ನೊಂದು ದೋಷವೂ ಕೀರ್ದಿಯಲ್ಲಿ ಕಂಡಿತು. ಪರಿಚಯದವರಿಗೆ ಕೊಟ್ಟ ಉದ್ರಿ ವಸೂಲಾಗದೆ ಉಳಿದಾಗ ಅದನ್ನು ದಾಸೋಹವೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಕೇಳಲು ನಾಚಿ ಬಿಟ್ಟ ಹಣ ದಾಸೋಹವಾಗಲಾರದು. ಅರಿತು, ಸಂಕಲ್ಪಿಸಿ, ತನ್ನ ಕಾಯಕದ ಫಲದಲ್ಲಿ ಕೊಟ್ಟುದು ದಾಸೋಹ. ಈಗ ಅವರ ಪುಸ್ತಕದಲ್ಲಿ ಎರಡು ಪುಟಗಳಿವೆ. ದಿನಕ್ಕೆ ಐದು ಊಟ ಬಡ ವಿದ್ಯಾರ್ಥಿಗಳಿಗೆ ಎಂದು ದಾಸೋಹದ ಪುಟ. ಉಳಿದುದೆಲ್ಲ ವ್ಯಾಪಾರದ ಪುಟ.

ಪುಸ್ತಕ ಶುದ್ಧವಾದುದರ ಪ್ರಯೋಜನ ಮುಂದೆ ತಿಳಿಯಿತು. ವರ್ಷದ ವಹಿವಾಟು ಇಪ್ಪತ್ತು ಲಕ್ಷ ಮೀರಿದುದನ್ನು ಕಂಡು ಅವರು ಜಿ.ಎಸ್‌.ಟಿ.ಯಲ್ಲಿ ಹೆಸರು ನೋಂದಾಯಿಸಿ, ಸಣ್ಣ ಉಪಾಹಾರ ಗೃಹಗಳಿಗಿರುವ ರಾಜಿ ಪದ್ಧತಿಯಂತೆ ಶೇಕಡಾ ಐದು ತೆರಿಗೆ ಕಟ್ಟತೊಡಗಿದ್ದರು. ೨೦೨೫ರ ಜುಲೈ ತಿಂಗಳಲ್ಲಿ ಯು.ಪಿ.ಐ. ಜಮೆಗಳ ಆಧಾರದ ಮೇಲೆ ನಮ್ಮ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ತೆರಿಗೆಯ ನೋಟೀಸುಗಳು ಬಂದು, ಎಷ್ಟೋ ಅಂಗಡಿಗಳವರು ಕ್ಯೂ.ಆರ್. ಫಲಕಗಳನ್ನು ಕಿತ್ತಿಟ್ಟರು. ಈ ಖಾನಾವಳಿಯ ಫಲಕ ಗೋಡೆಯ ಮೇಲೆಯೇ ಉಳಿಯಿತು.

ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯನ್ನು ನಾವು ನೂರಾರು ಸಲ ಹೇಳಿದ್ದೇವೆ. ಪತಿ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಧಿಕವಾದುದನ್ನು ಮರಳಿ ಸುರಿದು ಬರುವಂತೆ ಹೇಳಿದ ಮಹಾತಾಯಿ ಆಕೆ. ನಾವು ಅದನ್ನು ನಿರಾಸೆಯ ದೃಷ್ಟಾಂತವೆಂದಷ್ಟೇ ಬಣ್ಣಿಸುತ್ತಿದ್ದೆವು. ಇಂದಿನ ಅಕ್ಕಿ ಹೆಚ್ಚೆಂದು ಆಕೆಗೆ ತಿಳಿದುದು ಹೇಗೆ? ನಿತ್ಯದ ಅಳತೆ ಆಕೆಯ ಕೈಗೆ ಗೊತ್ತಿದ್ದುದರಿಂದ. ಅಳತೆ ತಿಳಿಯದವರಿಗೆ ಅಧಿಕವೂ ತಿಳಿಯದು, ಕೊರತೆಯೂ ತಿಳಿಯದು. ಅನುಭವ ಮಂಟಪದಲ್ಲಿಯೂ ಪ್ರಶ್ನೆಗೆ ನಿಲ್ಲದ ಮಾತಿಗೆ ಬೆಲೆಯಿರಲಿಲ್ಲ; ಹೇಳಿದವರು ಹಿರಿಯರೆಂಬ ಮಾತ್ರಕ್ಕೆ ಒಪ್ಪುವ ಪದ್ಧತಿ ಶರಣರದಲ್ಲ. ಆ ತಾಯಿ ನಮ್ಮ ಮುಂದೆ ಸುಮ್ಮನಾದುದಕ್ಕೆ ನಾವೇ ಹೊಣೆ.

ಆದುದರಿಂದ ಕಾಯಕ ಜೀವಿಗಳಲ್ಲಿ ನಮ್ಮ ವಿನಂತಿ ಇಷ್ಟೆ. ಹೊಸದಕ್ಕೆ ಕೈ ಹಾಕುವ ಮೊದಲು ಹಳೆಯ ಗಿರಾಕಿಯನ್ನು ಕೇಳಿರಿ. ಒಂದು ಸೇವೆಯಿಂದ ಉಳಿಯುವುದೆಷ್ಟು ಎಂಬುದನ್ನು ಬರೆದು ನೋಡಿರಿ. ಚಿಕ್ಕದಾಗಿ ಪರೀಕ್ಷಿಸಿರಿ, ಎಲ್ಲಿ ನಿಲ್ಲಿಸಬೇಕೆಂಬುದನ್ನು ಆರಂಭದಲ್ಲಿಯೇ ನಿಶ್ಚಯಿಸಿರಿ. ಮನೆಯ ಹೆಣ್ಣುಮಕ್ಕಳನ್ನು ವಿಚಾರಕ್ಕೆ ಕೂಡಿಸಿಕೊಳ್ಳಿರಿ. ನಮ್ಮಂಥವರಲ್ಲಿ ಆಶೀರ್ವಾದ ಬೇಡಲು ಬರುವಾಗ ಕೀರ್ದಿಯನ್ನೂ ತನ್ನಿರಿ. ಸಲಹೆ ಕೊಡುವುದೂ ಒಂದು ಕಾಯಕ. ಅದರಲ್ಲಿ ಮೈಗಳ್ಳತನ ಸಲ್ಲದು.

ಆ ಕುಟುಂಬದ ಸಾಲ ಇನ್ನೂ ಪೂರ್ತಿ ತೀರಿಲ್ಲ. ಬಳೆಗಳು ಮಾತ್ರ ಮನೆಗೆ ಬಂದಿವೆ. ಕಳೆದ ತಿಂಗಳು ಅಲ್ಲಿ ಪ್ರಸಾದ ಮುಗಿಸಿ ನಾವು ಹಣ ಕೊಡಲು ಹೋದಾಗ ಆ ತಾಯಿ ಬೇಡವೆಂದರು. ಹಾಗಾದರೆ ಯಾವ ಪುಟದಲ್ಲಿ ಬರೆಯುವಿರಿ ಎಂದು ಕೇಳಿದೆವು. ಅವರು ಕ್ಷಣ ಹೊತ್ತು ಯೋಚಿಸಿ, ನಕ್ಕು, ಹಣ ತೆಗೆದುಕೊಂಡರು.